ತಂಬಿ ಅಜ್ಜನ ಸಂಕ

ಸಂಕ ಎಂದರೆ ಏನು ಎಂಬುದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಬೆಂಗಳೂರಿನಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರಿಗೆ ಒಮ್ಮೆ ನಾನು, "ನಮ್ಮಜ್ಜನ ಸಂಕ ಊರಿಗೆಲ್ಲ ಪ್ರಸಿದ್ಧವಾಗಿತ್ತು" ಎಂದಾಗ ಅವರು ಅದನ್ನು ಶಂಖವೆಂದು ತಿಳಿದು, "ಹಾಗಾದರೆ ದಾಸಯ್ಯನ ಮನೆತನವೇ ನಿಮ್ಮದು?" ಎಂದು ಬಹಳ ಗೌರವದಿಂದ ಕೇಳಿದರು. ಮಲೆನಾಡಿನವರಿಗೆ ಈ ತೊಡಕಿಲ್ಲ. ಹಳ್ಳದ ಈ ದಡದಿಂದ ಆ ದಡಕ್ಕೆ ಎರಡು ಅಡಿಕೆ ಮರವನ್ನೋ ಬಗನಿ ಮರವನ್ನೋ ಉರುಳಿಸಿ, ಬಳ್ಳಿಯಲ್ಲಿ ಬಿಗಿದು, ಕೈ ಹಿಡಿಯಲು ಒಂದು ಬಿದಿರು ಕಟ್ಟಿದರೆ ಅದೇ ಸಂಕ. ಮಳೆಗಾಲದ ನಾಲ್ಕು ತಿಂಗಳು ಶಾಲೆಯ ಮಕ್ಕಳು, ಬಸುರಿ ಹೆಂಗಸರು, ಜ್ವರದ ಮುದುಕರು, ಅಂಚೆಯವನು, ಎಲ್ಲರ ಪ್ರಾಣವೂ ಆ ಎರಡು ಮರದ ಮೇಲೆ. ಜಾರಿದರೆ ಕೆಳಗೆ ಕೆಂಪು ನೀರು.

ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ನಮ್ಮ ಮನೆಯ ಕೆಳಗಿನ ಹಳ್ಳಕ್ಕೆ ಪ್ರತಿವರ್ಷ ಸಂಕ ಹಾಕುತ್ತಿದ್ದವನು ನಮ್ಮಜ್ಜ. ಉಳಿದವರ ಸಂಕಕ್ಕೂ ಅಜ್ಜನ ಸಂಕಕ್ಕೂ ಇದ್ದ ವ್ಯತ್ಯಾಸವನ್ನು ನೋಡಿದ ಕೂಡಲೆ ಹೇಳಬಹುದಾಗಿತ್ತು. ಎರಡು ದಡದಲ್ಲೂ ಕಲ್ಲು ಕೂರಿಸಿ, ಮರದ ತುದಿಗಳನ್ನು ಮಣ್ಣಿಗೆ ತಾಗದಂತೆ ಎತ್ತಿ, ಅಡ್ಡ ಪಟ್ಟಿಗಳನ್ನು ಗೇಣುಗೇಣಿಗೆ ಒಂದರಂತೆ ಕಟ್ಟುತ್ತಿದ್ದ. ಅವನು ಹಾಕಿದ ಗಂಟನ್ನು ಅವನೇ ಬಿಚ್ಚಬೇಕು. ಉಳಿದವರು ಕತ್ತಿಯಲ್ಲಿ ಕೊಯ್ಯಬೇಕು. ಎಲ್ಲಕ್ಕಿಂತ ದೊಡ್ಡ ವಿಶೇಷವೆಂದರೆ ಈ ದಡದಲ್ಲಿ ನೆಟ್ಟ ಗೂಟಕ್ಕೆ ತೂಗುಹಾಕಿದ ಒಂದು ಹಲಗೆ. ಅದರ ಮೇಲೆ ಸುಣ್ಣದಲ್ಲಿ ಹೀಗೆ ಬರೆದಿರುತ್ತಿತ್ತು: "ಒಂದು ಸಲಕ್ಕೆ ನಾಲ್ಕು ಜನ. ದನ ಕೂಡದು." ಅದರ ಕೆಳಗೆ, ಊರಿನಲ್ಲಿ ಯಾರಿಗೂ ಓದಲು ಬಾರದ ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಮಾತು ಹಿಂದೂಸ್ಥಾನಿಯಲ್ಲಿ.

ಊರಿನವರಿಗೆ ಈ ಹಲಗೆ ಒಂದು ವಿನೋದ. ಐದು ಜನ ಒಟ್ಟಿಗೆ ಬಂದರೆ ಅಜ್ಜ ಹಿತ್ತಲಿನಿಂದಲೇ, "ಐದನೆಯವನು ನಿಲ್ಲು ತಂಬೀ!" ಎಂದು ಕೂಗುತ್ತಿದ್ದ. ಬಸುರಿಯೊಬ್ಬಳನ್ನು ಒಬ್ಬಳೆಂದು ಎಣಿಸಬೇಕೋ ಇಬ್ಬರೆಂದು ಎಣಿಸಬೇಕೋ ಎಂಬ ವಿಷಯದಲ್ಲಿ ಅಜ್ಜನಿಗೂ ಅಜ್ಜಿಗೂ ನಡೆದ ಚರ್ಚೆ ಒಂದು ಇಡೀ ಮಳೆಗಾಲ ನಮ್ಮ ಮನೆಯಲ್ಲಿ ನಡೆಯಿತು. ಗಂಡಸು, ಹೆಂಗಸು, ಮಗು, ಮುದುಕ, ಪಟೇಲ, ಜೀತದಾಳು, ಯಾರೇ ಆಗಲಿ ಅಜ್ಜನಿಗೆ ಎಲ್ಲರೂ 'ತಂಬಿ'. ಅದಕ್ಕೇ ಊರು ಅವನಿಗೆ 'ತಂಬಿ ಅಜ್ಜ' ಎಂದು ಹೆಸರಿಟ್ಟಿತ್ತು. ತಮಿಳಿನಲ್ಲಿ ತಂಬಿ ಎಂದರೆ ನಮ್ಮ 'ತಮ್ಮ'ನೇ. ಮದರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರ್ ಪಡೆಯ ಜವಾನರಿಗೆ ಇವತ್ತಿಗೂ ಅದೇ ಅಡ್ಡಹೆಸರು. ಅಜ್ಜ ಆ ಪಡೆಯಲ್ಲಿ ನಾಲ್ಕು ವರ್ಷ ಇದ್ದವನು.

ಅಜ್ಜ ಸೈನ್ಯಕ್ಕೆ ಸೇರಿದ್ದು ಶೌರ್ಯದಿಂದ ಎಂದು ನಾನು ಬರೆದರೆ ಮೊದಲು ನಗುವವನು ಅವನೇ. 1942ರ ಮೇ ತಿಂಗಳು. ಆಗಿನ ಮಲೆನಾಡೆಂದರೆ ಮಲೇರಿಯಾದ ಬೀಡು. ಚಳಿಜ್ವರಕ್ಕೆ ಹೆದರಿ ಹೊರಗಿನವರು ಹೆಣ್ಣು ಕೊಡುತ್ತಿರಲಿಲ್ಲ. ಒಂದೊಂದು ಊರಿನಲ್ಲಿ ದೀಪ ಹಚ್ಚುವವರಿಲ್ಲದ ಮನೆಗಳ ಸಾಲೇ ಇರುತ್ತಿತ್ತು. ಅಜ್ಜನ ತಂದೆ ಜ್ವರಗಡ್ಡೆ ಬೆಳೆದು ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿ ಎಂದರೆ ಗೇಣಿಯ ಗದ್ದೆ, ಒಡೆಯರ ಪುಸ್ತಕದಲ್ಲಿ ಬೆಳೆಯುತ್ತಿದ್ದ ಸಾಲ, ಮತ್ತು ಮೂವರು ತಂಗಿಯರು. ಸೈನ್ಯಕ್ಕೆ ಸೇರಿದರೆ ಊಟ ಬಟ್ಟೆಯ ಮೇಲೆ ತಿಂಗಳಿಗೆ ಹದಿನೆಂಟು ರೂಪಾಯಿ ಎಂದು ಶಿವಮೊಗ್ಗದ ಸಂತೆಗೆ ಹೋಗಿದ್ದವರು ಸುದ್ದಿ ತಂದರು. ಇಪ್ಪತ್ತೆರಡು ವರ್ಷದ ಅಜ್ಜ ಒಂದು ಪಂಚೆಯಲ್ಲಿ ಅವಲಕ್ಕಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ನಡೆದ. ಅಲ್ಲಿಂದ ಬೀರೂರು, ಬೀರೂರಿನಿಂದ ಬೆಂಗಳೂರು. ರೈಲನ್ನು ಅವನು ಕಂಡದ್ದೂ ಹತ್ತಿದ್ದೂ ಒಂದೇ ದಿನ.

ಹಲಸೂರು ಕೆರೆಯ ಬದಿಯ ಆ ಪಾಳೆಯ ಬಹಳ ಹಳೆಯದು. ಮದರಾಸ್ ಸ್ಯಾಪರ್ಸ್ ಪಡೆ ಬೆಂಗಳೂರಿಗೆ ಬಂದು ನೆಲೆಸಿದ್ದು 1834ರಲ್ಲಿ. ಅಲ್ಲಿ ಅಜ್ಜನಿಗೆ ಬೂಟು ಕೊಟ್ಟರು, ಬಂದೂಕು ಕೊಟ್ಟರು. ಅದಕ್ಕಿಂತ ಹೆಚ್ಚಾಗಿ ಹಗ್ಗ, ಗುದ್ದಲಿ, ಗರಗಸ ಕೊಟ್ಟರು. ಸ್ಯಾಪರನ ಕೆಲಸ ದಾರಿ ಮಾಡುವುದು, ಸೇತುವೆ ಕಟ್ಟುವುದು, ಶತ್ರು ಹೂತಿಟ್ಟ ಸಿಡಿಮದ್ದನ್ನು ಹುಡುಕಿ ತೆಗೆಯುವುದು. ಕನ್ನಡವನ್ನು ಕಾಗುಣಿತ ತಪ್ಪದೆ ಬರೆಯಲು ಬಾರದಿದ್ದ ಅಜ್ಜ ಅಲ್ಲಿ ಗೆಳೆಯರಿಂದ ತಮಿಳು ಕಲಿತ; ಹವಾಲ್ದಾರನಿಂದ ರೋಮನ್ ಲಿಪಿಯ ಹಿಂದೂಸ್ಥಾನಿ ಕಲಿತ. ಆಗಿನ ಸೈನ್ಯದ ಪಾಠವೆಲ್ಲ ಆ ಲಿಪಿಯಲ್ಲೇ. ಸಂಕದ ಹಲಗೆಯ ಎರಡನೆಯ ಸಾಲಿನ ಮೂಲ ಇದು.

ಅವನು ಜೀವಮಾನವಿಡೀ ಹೊಗಳಿದ ಒಂದೇ ಒಂದು ವಿಲಾಯತಿ ವಸ್ತು ಬೈಲಿ ಸೇತುವೆ. ಬೈಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಯುದ್ಧದ ಮೊದಲ ವರ್ಷಗಳಲ್ಲಿ ಕಂಡುಹಿಡಿದದ್ದು. ಹತ್ತು ಅಡಿ ಉದ್ದದ ಉಕ್ಕಿನ ಚೌಕಟ್ಟುಗಳು. ಒಂದೊಂದರ ತೂಕ ಸುಮಾರು 260 ಕಿಲೋ. ಆರು ಜನ ಸೇರಿದರೆ ಎತ್ತಬಹುದು. ಚೌಕಟ್ಟಿಗೆ ಚೌಕಟ್ಟನ್ನು ಸೇರಿಸಿ ಗೂಟ ಹೊಡೆಯುತ್ತ ಹೋದರೆ ಸೇತುವೆ ಬೆಳೆಯುತ್ತದೆ. ಕ್ರೇನು ಬೇಡ. ಈ ದಡದಲ್ಲೇ ಕಟ್ಟಿ, ಉರುಳೆಗಳ ಮೇಲೆ ಇಟ್ಟು ಆ ದಡಕ್ಕೆ ನೂಕುವುದು. "ಆರು ಜನ ಎತ್ತೋದು, ತಂಬಿ. ಏಳನೆಯವನು ಬೇಡ, ಐದು ಜನಕ್ಕೆ ಆಗೋದಿಲ್ಲ. ಆ ಆರರಲ್ಲಿ ಯಾರ ಜಾತಿ ಏನು ಅಂತ ಕೇಳೋಕೆ ಯಾರಿಗೂ ಉಸಿರಿರಲಿಲ್ಲ" ಎಂದು ಅಜ್ಜ ಹೇಳುತ್ತಿದ್ದ.

1944ರ ಮಳೆಗಾಲದಲ್ಲಿ ಅವನ ಕಂಪನಿ ಮಣಿಪುರದ ದಾರಿ ಹಿಡಿಯಿತು. ಆ ವರ್ಷದ ಮಾರ್ಚಿಯಲ್ಲಿ ಜಪಾನೀಯರು ಇಂಫಾಲವನ್ನು ಮುತ್ತಿದ್ದರು. ಜೂನ್ ಕೊನೆಯ ಹೊತ್ತಿಗೆ ಮುತ್ತಿಗೆ ಮುರಿದು, ಸೈನ್ಯ ಅವರನ್ನು ಬರ್ಮಾದೊಳಕ್ಕೆ ಅಟ್ಟಿಕೊಂಡು ಹೊರಟಿತ್ತು. ಅಟ್ಟಬೇಕಾದರೆ ದಾರಿ ಬೇಕಲ್ಲ! ತಾಮುವಿನಿಂದ ಕಲೇವಾದವರೆಗೆ ಕಾಡು, ಕೆಸರು, ಜಿಗಣೆ. "ನಮ್ಮ ಆಗುಂಬೆ ಘಾಟಿಯನ್ನು ಉದ್ದಕ್ಕೆ ಎಳೆದ ಹಾಗೆ" ಎಂದು ಅಜ್ಜ ವರ್ಣಿಸುತ್ತಿದ್ದ. ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ಜೋಡಿಸಿ ರಸ್ತೆ ಮಾಡಿದರು. ಗೋಣಿಬಟ್ಟೆಯ ಸುರುಳಿಗಳಿಗೆ ಡಾಂಬರು ಬಳಿದು, ಚಾಪೆ ಹಾಸಿದಂತೆ ನೆಲಕ್ಕೆ ಹಾಸಿ, ಅದರ ಮೇಲೆ ಲಾರಿ ಓಡಿಸಿದರು. ರಸ್ತೆಗೆ ಗೋಣಿತಾಟು ಹೊದಿಸಿದ ಈ ಕಥೆಯನ್ನು ಹೊಸಬಾಳೆಯಲ್ಲಿ ಒಬ್ಬನೂ ನಂಬಲಿಲ್ಲ. ಅಜ್ಜ ಹೇಳಿದ್ದು ಅಕ್ಷರಶಃ ನಿಜವೆಂದು ನನಗೆ ಪುಸ್ತಕಗಳಿಂದ ತಿಳಿಯುವ ಹೊತ್ತಿಗೆ ಅಜ್ಜ ಇರಲಿಲ್ಲ.

ಮಲೇರಿಯಾಕ್ಕೆ ಹೆದರಿ ಊರು ಬಿಟ್ಟವನನ್ನು ಮಲೇರಿಯಾ ಬರ್ಮಾದವರೆಗೂ ಅಟ್ಟಿಸಿಕೊಂಡು ಬಂದಿತ್ತು. ಆ ಯುದ್ಧದಲ್ಲಿ ಗುಂಡಿನಿಂದ ಮಲಗಿದವರಿಗಿಂತ ಜ್ವರದಿಂದ ಮಲಗಿದವರೇ ಹೆಚ್ಚು. ಪ್ರತಿದಿನ ಸಾಲಾಗಿ ನಿಲ್ಲಿಸಿ ಮೆಪಾಕ್ರಿನ್ ಎಂಬ ಹಳದಿ ಗುಳಿಗೆ ನುಂಗಿಸುತ್ತಿದ್ದರು. ನುಂಗಿ ನುಂಗಿ ಮೈಯೆಲ್ಲ ಅರಿಶಿನ ಬಳಿದಂತೆ ಆಗುತ್ತಿತ್ತು. "ಒಂದು ಇಡೀ ಸೈನ್ಯ ಮದುಮಕ್ಕಳ ಹಾಗೆ ಕಾಣ್ತಿತ್ತು" ಎಂದು ಅವನು ನಗುತ್ತಿದ್ದ.

1944ರ ಡಿಸೆಂಬರಿನಲ್ಲಿ ಕಲೇವಾದ ಬಳಿ ಚಿಂದ್ವಿನ್ ನದಿಗೆ ತೇಲುವ ಬೈಲಿ ಸೇತುವೆ ಬಿದ್ದಿತು. ಉದ್ದ 1,154 ಅಡಿ. ಆಗಿನ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದವಾದ ಬೈಲಿ ಸೇತುವೆ. ನಾವು ಮಕ್ಕಳು ಎಲ್ಲರೊಡನೆ, "ಅದನ್ನು ಕಟ್ಟಿದ್ದು ನಮ್ಮಜ್ಜ" ಎಂದು ಹೇಳಿಕೊಂಡು ತಿರುಗುತ್ತಿದ್ದೆವು. ಅಜ್ಜ ತಿದ್ದುತ್ತಿದ್ದ: "ನಾನು ಕಟ್ಟಲಿಲ್ಲ. ಲಾರಿಯಿಂದ ಚೌಕಟ್ಟು ಇಳಿಸಿದೆ. ಎರಡು ದಿನ ಇಳಿಸಿದೆ. ಕಟ್ಟಿದವರು ಬೇರೆ." ಹೊಗಳಿಕೆಯನ್ನು ಹೀಗೆ ಅಳೆದು ತೆಗೆದುಕೊಳ್ಳುವ ಮನುಷ್ಯನನ್ನು ಆಮೇಲೆ ನಾನು ಹೆಚ್ಚು ಕಾಣಲಿಲ್ಲ.

1945ರ ಮೇ ತಿಂಗಳಲ್ಲಿ ರಂಗೂನು ಕೈಗೆ ಬಂತು. ಆಗಸ್ಟಿನಲ್ಲಿ ಯುದ್ಧ ನಿಂತಿತು. 1946ರಲ್ಲಿ ಅಜ್ಜನನ್ನು ಬಿಡುಗಡೆ ಮಾಡಿ ಕಳಿಸಿದರು. ಯುದ್ಧಕಾಲಕ್ಕೆಂದು ಸೇರಿದವರಿಗೆ ಪಿಂಚಣಿ ಇಲ್ಲ. ಕೈಗೆ ಸಿಕ್ಕ ಹಣ ಸಾಲಕ್ಕೂ ಒಬ್ಬ ತಂಗಿಯ ಮದುವೆಗೂ ಸರಿಹೋಯಿತು. ಉಳಿದದ್ದು ಒಂದು ಜೊತೆ ಬೂಟು, ಒಂದು ಕಂಬಳಿ, ಮತ್ತು ಕೆಲವು ಪದಕಗಳು. ಅವುಗಳಲ್ಲಿ ಒಂದು ಆರು ಮೂಲೆಯ ನಕ್ಷತ್ರ. ಬರ್ಮಾ ಸ್ಟಾರ್ ಎಂದು ಅದರ ಹೆಸರು. ನೀಲಿ, ಕಿತ್ತಳೆ, ಕೆಂಪು ಪಟ್ಟಿಯ ರಿಬ್ಬನ್ನಿನಲ್ಲಿ ತೂಗುವಂಥದು. ಅಜ್ಜಿ ಅದನ್ನು ದೀಪಾವಳಿಯ ಗೋಪೂಜೆಯ ದಿನ ಅಡಿಕೆ ಸರ, ಚೆಂಡುಹೂವಿನ ಸರಗಳ ನಡುವೆ ಪೋಣಿಸಿ ಎತ್ತಿನ ಕೊರಳಿಗೆ ಕಟ್ಟುತ್ತಿದ್ದಳು. ಯಾರೋ ಆಕ್ಷೇಪಿಸಿದಾಗ ಅಜ್ಜ, "ಇರಲಿ ಬಿಡು. ಕೇಳದೆ ಹೊರೆ ಹೊತ್ತವರಿಗೇ ತಾನೆ ಅದನ್ನು ಕೊಡೋದು!" ಎಂದ. ಒಂದು ದೀಪಾವಳಿ ಎತ್ತು ಬೆದರಿ ಓಡಿ, ನಕ್ಷತ್ರ ಗದ್ದೆಯಲ್ಲೆಲ್ಲೋ ಬಿದ್ದುಹೋಯಿತು. ಅಜ್ಜ ಹುಡುಕಲಿಲ್ಲ. ಅದು ಈಗಲೂ ಅಲ್ಲೇ ಇರಬೇಕು.

ಇಷ್ಟರವರೆಗೆ ಹೇಳಿದ್ದು ಹೇಳುವುದಕ್ಕೆ ಸುಲಭವಾದದ್ದು. ಇನ್ನು ಮುಂದಿನದು ನನ್ನ ವಿಷಯ.

1972ರಲ್ಲಿ ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾಯಿತೆಂದು ದೇಶವೆಲ್ಲ ಉತ್ಸವ. ಸ್ವಾತಂತ್ರ್ಯ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟು ಗೌರವಿಸಿದ ವರ್ಷ ಅದು. ನನಗೆ ಆಗ ಹನ್ನೊಂದು ವಯಸ್ಸು. ಶಾಲೆಯಲ್ಲಿ ಉಪಾಧ್ಯಾಯರೊಬ್ಬರು ಈಸೂರಿನ ಕಥೆ ಹೇಳಿದರು. ಅದು ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಊರು. ನಮಗೆ ಅದು ಚರಿತ್ರೆಯಲ್ಲ, ಬೀಗರ ಊರಿನ ಸುದ್ದಿ. 1942ರ ಸೆಪ್ಟೆಂಬರಿನಲ್ಲಿ ಈಸೂರಿನ ರೈತರು ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿದರು. ಹುಡುಗರನ್ನೇ ತಮ್ಮ ಸರ್ಕಾರದ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಸರ್ಕಾರಿ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂದು ಹಲಗೆ ಹಾಕಿದರು. ಕಂದಾಯ ವಸೂಲಿಗೂ ಅಡಗಿಸುವುದಕ್ಕೂ ಅಧಿಕಾರಿಗಳು ಬಂದಾಗ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಪೋಲೀಸು ಬಂತು, ಸೈನ್ಯ ಬಂತು, ಗಂಡಸರು ಕಾಡು ಸೇರಿದರು, ಊರು ಸೂರೆಹೋಯಿತು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ, ಈ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಮೈಸೂರು ಸರ್ಕಾರ ಗಲ್ಲಿಗೇರಿಸಿತು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ನಾವೆಲ್ಲ ಗಂಟಲು ಹರಿಯುವಂತೆ ಕೂಗಿದೆವು.

ಆ ಆವೇಶದಲ್ಲಿ ನಾನು ಎದ್ದು ನಿಂತು, "ನಮ್ಮಜ್ಜನೂ ಅದೇ ವರ್ಷ ಯುದ್ಧಕ್ಕೆ ಹೋದದ್ದು ಸಾರ್" ಎಂದೆ. ಉಪಾಧ್ಯಾಯರು ಕೆಟ್ಟವರಲ್ಲ. "ಹೌದು, ಆದರೆ ಆ ಕಡೆಯಿಂದ" ಎಂದರು ಅಷ್ಟೆ. ತರಗತಿ ಗೊಳ್ಳೆಂದು ನಕ್ಕಿತು. ದೊಡ್ಡ ಹುಡುಗನೊಬ್ಬ, "ಇಂಗ್ಲಿಷರ ಕೂಲಿ!" ಎಂದ.

ಮನೆಯವರೆಗೆ ಓಡಿದೆ. ಆಗಸ್ಟ್ ತಿಂಗಳು, ಹಳ್ಳ ತುಂಬಿ ಹರಿಯುತ್ತಿತ್ತು. ಸಂಕ ದಾಟಿ ಬಂದರೆ ಅಜ್ಜ ಈ ದಡದಲ್ಲೇ, ಕಂಬಳಿ ಕೊಪ್ಪೆ ಹಾಕಿಕೊಂಡು, ಸಡಿಲಾದ ಬಳ್ಳಿಯನ್ನು ಬಿಗಿಯುತ್ತ ಕುಳಿತಿದ್ದ. "ಏನು ತಂಬಿ, ಇಷ್ಟು ಬೇಗ?" ಎಂದ. ನಾನು ದೊಡ್ಡ ಹುಡುಗನ ಮಾತನ್ನು ಇದ್ದಂತೆಯೇ ಅವನ ಮುಖಕ್ಕೆ ಎಸೆದೆ. ಅದು ಸಾಲದೆಂದು ಗೂಟದ ಮೇಲಿನ ಹಲಗೆಯನ್ನು ಕಿತ್ತು ಹಳ್ಳಕ್ಕೆ ಬಿಸಾಡಿದೆ. ಕೆಂಪು ನೀರಿನಲ್ಲಿ ಅದು ಎರಡು ಸಲ ಮಗುಚಿ ಮರೆಯಾಯಿತು.

ಅಜ್ಜ ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ವರ್ಷದ ಮೇಲೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲವೇನೋ. ಸ್ವಲ್ಪ ಹೊತ್ತು ನೀರು ನೋಡಿ, "ಹೌದು. ತಿಂಗಳಿಗೆ ಹದಿನೆಂಟು ರೂಪಾಯಿ" ಎಂದ. ಮರುದಿನ ಬೆಳಗ್ಗೆ ನಾನು ಶಾಲೆಗೆ ಹೊರಟಾಗ ಗೂಟದ ಮೇಲೆ ಹೊಸ ಹಲಗೆ ಇತ್ತು. ಸುಣ್ಣ ಇನ್ನೂ ಹಸಿಯಾಗಿತ್ತು.

ಆ ವರ್ಷ ಮಳೆ ನಿಂತು ದೀಪಾವಳಿಯ ರಜೆ ಬಂದಾಗ ಅಜ್ಜ ಒಂದು ದಿನ, "ಹೊರಡು, ಈಸೂರಿಗೆ ಹೋಗಿಬರೋಣ" ಎಂದ. ಸೊರಬಕ್ಕೆ ಬಂದು ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆವು. ಅಲ್ಲಿಂದ ನಡೆದೆವು. ದಾರಿಯಲ್ಲಿ ಅವನು ಮಾತಾಡಲಿಲ್ಲ. ನಾನು ಯಾವುದೋ ಕೋಟೆಯನ್ನು ಊಹಿಸಿಕೊಂಡಿದ್ದೆ; ಈಸೂರು ನಮ್ಮ ಊರಿನಂತೆಯೇ ಒಂದು ಊರು. ಅದೇ ಹೆಂಚು, ಅದೇ ಸಗಣಿ ಸಾರಿಸಿದ ಅಂಗಳ, ಅದೇ ಗದ್ದೆ. ವೀರಭದ್ರನ ಗುಡಿಯ ಮುಂದೆ ಅಜ್ಜ ಚಪ್ಪಲಿ ಬಿಟ್ಟ. ಒಳಗೆ ಹೋಗಲಿಲ್ಲ, ಜಗಲಿಯ ಮೇಲೆ ಕುಳಿತು, ಗುಡಿಯ ನೆತ್ತಿಯನ್ನು ನೋಡುತ್ತ ಹೇಳತೊಡಗಿದ. ಅವನು ಹೇಳಿದ್ದನ್ನು ಸಾಧ್ಯವಾದಷ್ಟು ಅವನ ಮಾತಿನಲ್ಲೇ ಬರೆಯುತ್ತೇನೆ.

"ನಾನು ಊರು ಬಿಟ್ಟಾಗ ಇದು ಇನ್ನೂ ಆಗಿರಲಿಲ್ಲ. ಆದಮೇಲೆ ನನಗೆ ಗೊತ್ತಾಗಲಿಲ್ಲ; ಪಾಳೆಯದೊಳಗೆ ಅಂಥ ಸುದ್ದಿ ಬಿಡೋದಿಲ್ಲ. ಅವರನ್ನು ಗಲ್ಲಿಗೆ ಹಾಕಿದಾಗ ನಾನು ಅದೇ ಬೆಂಗಳೂರಿನಲ್ಲಿ ಇದ್ದೆ. ಹಲಸೂರು ಕೆರೆ ಒಂದು ಕಡೆ, ಜೈಲು ಒಂದು ಕಡೆ. ಒಂದು ಗಂಟೆಯ ನಡಿಗೆ. ನಮ್ಮ ಕಡೆಯವನೊಬ್ಬ ಪೇಟೆಗೆ ಹೋಗಿ ಬಂದವನು ರಾತ್ರಿ ಕಿವಿಯಲ್ಲಿ ಹೇಳಿದ, ಶಿಕಾರಿಪುರದ ಕಡೆಯ ಐದು ಜನ ಹೋದರು ಅಂತ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬೆಳಗ್ಗೆ ಬ್ಯೂಗಲ್ ಊದಿತು. ಬೂಟು ಹಾಕಿಕೊಂಡು ಪೆರೇಡಿಗೆ ಹೋದೆ."

ಅಷ್ಟು ಹೇಳಿ ಸುಮ್ಮನಾದ. ಆಮೇಲೆ ನನ್ನ ಕಡೆ ತಿರುಗಿ, "ಶಾಲೆಯಲ್ಲಿ ಯಾರಾದರೂ ಕೇಳಿದರೆ ಎರಡನ್ನೂ ಹೇಳು ತಂಬಿ. ಊಟ ಬಿಟ್ಟದ್ದನ್ನು ಮಾತ್ರ ಹೇಳಬೇಡ, ಪೆರೇಡಿಗೆ ಹೋದದ್ದನ್ನು ಮಾತ್ರವೂ ಹೇಳಬೇಡ" ಎಂದ.

ನಾನು, "ಓಡಿಬರಬಹುದಿತ್ತಲ್ಲ ಅಜ್ಜ?" ಎಂದೆ. "ಬರಬಹುದಿತ್ತು. ಆಗ ಮನಿಯಾರ್ಡರು ನಿಲ್ಲುತ್ತಿತ್ತು. ಮೂವರು ತಂಗಿಯರ ಹೊಟ್ಟೆ ಲೆಕ್ಕ ಹಾಕಿದೆ. ಈಸೂರಿನವರಿಗೂ ತಂಗಿಯರು ಇದ್ದರು; ಅವರು ಹಾಗೆ ಲೆಕ್ಕ ಹಾಕಲಿಲ್ಲ. ಅದಕ್ಕೇ ಅವರು ದೊಡ್ಡವರು. ಅದರಲ್ಲಿ ಸಂಶಯ ಇಲ್ಲ" ಎಂದ. ಮತ್ತೆ ಸ್ವಲ್ಪ ತಡೆದು, "ಇಂಫಾಲದ ಆಚೆ ಸುಭಾಷಬಾಬುಗಳ ಸೈನ್ಯದಲ್ಲೂ ನಮ್ಮವರೇ ಇದ್ದರು. ನಮ್ಮಲ್ಲೂ ನಮ್ಮವರೇ. ಹಸಿವು ಒಂದೇ ಥರ ಆಗುತ್ತಿತ್ತು" ಎಂದ.

ಹಲಗೆಯ ವಿಷಯವನ್ನೂ ಅಜ್ಜ ಆ ದಿನವೇ ಹೇಳಿದ್ದು. ಚಿಂದ್ವಿನ್ ನದಿಗೆ ಸೇತುವೆಯಾಗುವ ಮುಂಚೆ ತೆಪ್ಪಗಳ ಮೇಲೆ ಜನರನ್ನೂ ಸಾಮಾನನ್ನೂ ದಾಟಿಸುತ್ತಿದ್ದರಂತೆ. ಸೈನ್ಯದ ಪ್ರತಿಯೊಂದು ತೆಪ್ಪಕ್ಕೂ ಸೇತುವೆಗೂ ಇಷ್ಟೇ ಭಾರ ಎಂದು ಒಂದು ಅಂಕೆ ಇರುತ್ತದೆ. ಅದನ್ನು ಹಲಗೆಯ ಮೇಲೆ ಬರೆದು ಎದುರಿಗೆ ನಿಲ್ಲಿಸಿರುತ್ತಾರೆ. ಒಂದು ಸಂಜೆ ಅವಸರವಿತ್ತು. ಅಂಕೆ ಮೀರಿ ಹೇರಿದರು. ನದಿಯ ನಡುವೆ ತೆಪ್ಪದ ಒಂದು ಮಗ್ಗುಲು ಮುಳುಗಿತು. ಅಜ್ಜನ ಪಕ್ಕದ ಹಾಸಿಗೆಯವನು, ಸೇಲಂ ಕಡೆಯ ಹುಡುಗ, ಬೂಟು ಹಾಕಿಕೊಂಡಿದ್ದವನು, ಮೇಲೆ ಬರಲಿಲ್ಲ. ಅಜ್ಜನಿಗೆ ತಮಿಳು ಕಲಿಸಿದವನು ಅವನೇ. "ಅವನ ಹೆಸರೇನು?" ಎಂದು ಕೇಳಿದೆ. ಅಜ್ಜ ಬಹಳ ಹೊತ್ತು ಯೋಚಿಸಿ, "ಸರಿಯಾಗಿ ಗೊತ್ತಿಲ್ಲ. ಹಾಜರಿ ಕೂಗುವಾಗ ನಂಬರು. ನಾವು ಒಬ್ಬರನ್ನೊಬ್ಬರು ತಂಬಿ ಅಂತಲೇ ಕರೆಯುತ್ತಿದ್ದೆವು" ಎಂದ.

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಅವನ ತೊಡೆಯ ಮೇಲೆ ನಿದ್ದೆ ಮಾಡಿದೆ. ತಪ್ಪಾಯಿತೆಂದು ಹೇಳಬೇಕೆಂದು ಅನೇಕ ಸಲ ಬಾಯಿಗೆ ಬಂದಿತ್ತು. ಹನ್ನೊಂದು ವರ್ಷದ ಹುಡುಗರಿಗೆ ಆ ಪದ ಗೊತ್ತಿರುತ್ತದೆ, ಉಚ್ಚಾರಣೆ ಗೊತ್ತಿರುವುದಿಲ್ಲ.

ನಮ್ಮ ಸೀಮೆಯಲ್ಲಿ ಸತ್ತ ವೀರರಿಗೆ ಜಾಗದ ಕೊರತೆಯಿಲ್ಲ. ಸೊರಬ, ಶಿಕಾರಿಪುರಗಳಲ್ಲಿ ವೀರಗಲ್ಲು ಕಾಣದ ದಾರಿ ಕಡಮೆ. ಶಾಸನಗಳನ್ನು ಸಂಗ್ರಹಿಸಿದ ರೈಸ್ ಸಾಹೇಬರ ದೊಡ್ಡ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಕಲ್ಲುಗಳೇ ಪುಟಪುಟಗಳನ್ನು ತುಂಬಿವೆ. ಕೆಳಗಿನ ಹಂತದಲ್ಲಿ ವೀರ ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುತ್ತಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರ. ಯಾರೋ ಅಟ್ಟಿಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತ ರೈತರ ಕಲ್ಲುಗಳೂ ಅವುಗಳಲ್ಲಿ ಎಷ್ಟೋ ಇವೆ. ಒಮ್ಮೆ ಅಂಥ ಕಲ್ಲಿನ ಮುಂದೆ ಅಜ್ಜ, "ಇವನು ಯಾವ ರಾಜನ ಕಡೆಯವನು ಅಂತ ಈಗ ಯಾರೂ ಕೇಳೋದಿಲ್ಲ ನೋಡು. ದನ ಬಂತಾ ಅಂತ ಮಾತ್ರ ಕೇಳ್ತಾರೆ" ಎಂದು ನಕ್ಕ. ಅದರಲ್ಲಿ ನೋವು ಇತ್ತೋ ಇಲ್ಲವೋ ನಾನು ನಿರ್ಣಯಿಸಲಾರೆ.

ದೊಡ್ಡವನಾದ ಮೇಲೆ ನಾನು ಅಂಕಿ ಅಂಶಗಳನ್ನು ಓದಿಕೊಂಡೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೈನ್ಯದಲ್ಲಿ ಇಪ್ಪತ್ತೈದು ಲಕ್ಷ ಜನ ಇದ್ದರು. ಒತ್ತಾಯದ ಭರ್ತಿಯಿಲ್ಲದೆ ಕೂಡಿದ ಅಷ್ಟು ದೊಡ್ಡ ಸೈನ್ಯ ಅದುವರೆಗೆ ಇರಲಿಲ್ಲವಂತೆ. ಅವರಲ್ಲಿ ಸುಮಾರು 87,000 ಜನ ಮಡಿದರು. ಒತ್ತಾಯವಿರಲಿಲ್ಲ ಎಂದು ಪುಸ್ತಕಗಳು ಬರೆಯುತ್ತವೆ. ಒಡೆಯರ ಸಾಲದ ಪುಸ್ತಕ, ಜ್ವರ, ಮೂವರು ತಂಗಿಯರು, ಇವನ್ನು ಒತ್ತಾಯವೆಂದು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲ. ರಂಗೂನಿನ ಬಳಿ ತೌಕ್ಯಾನ್ ಎಂಬಲ್ಲಿ ಸಮಾಧಿ ಸಿಕ್ಕದೆ ಹೋದವರ ಸುಮಾರು 27,000 ಹೆಸರುಗಳನ್ನು ಕಂಬಗಳ ಮೇಲೆ ಕೆತ್ತಿದ್ದಾರೆ. ಆ ಸೇಲಂ ಹುಡುಗನ ಹೆಸರೂ ಅವುಗಳಲ್ಲಿ ಇರಬೇಕು. ಹುಡುಕುವುದು ಹೇಗೆ? ತಂಬಿ ಎಂಬ ಹೆಸರಿನಿಂದ ಹುಡುಕಲಾಗುವುದಿಲ್ಲ.

ಅಜ್ಜನ ಮುಂದಿನ ಬದುಕು ಗದ್ದೆಯಲ್ಲಿ ಕಳೆಯಿತು. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅಜ್ಜನೂ ಹೋಗಿ ನೋಡಿಕೊಂಡು ಬಂದನಂತೆ. 1974ರಲ್ಲಿ ಉಳುವವನೇ ಒಡೆಯನೆಂಬ ಕಾನೂನು ಜಾರಿಗೆ ಬಂದಾಗ ಡಿಕ್ಲರೇಷನ್ ಫಾರಂ ತಂದು ತಾನೇ ತುಂಬಿದ. ರುಜು ಮಾಡಿ, "ಇದು ಮೊದಲನೆಯ ಸಲ ನನ್ನ ಹೆಸರಿಗೆ ಸೈನ್ ಮಾಡ್ತಿರೋದು. ಹಿಂದೆಲ್ಲ ಮಾಡಿದ್ದು ಬೇರೆಯವರ ಲೆಕ್ಕಕ್ಕೆ" ಎಂದ. ಗದ್ದೆ ಅವನದಾಯಿತು. ನಕ್ಷತ್ರ ಬಿದ್ದುಹೋದ ಗದ್ದೆ ಅದೇ.

ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಕ್ಕೂ ಕಾಂಕ್ರೀಟಿನ ಸೇತುವೆ ಬಂತು. ಸಂಕ ಕಟ್ಟುವ ಕೆಲಸ ತಪ್ಪಿಹೋದದ್ದಕ್ಕೆ ಅಜ್ಜ ನೊಂದುಕೊಳ್ಳುತ್ತಾನೆಂದು ನಾವು ಭಾವಿಸಿದ್ದೆವು. ಅವನು ಕೋಲೂರಿಕೊಂಡು ಹೋಗಿ, ಸೇತುವೆಯ ಕೆಳಗೆ ಬಗ್ಗಿ ನೋಡಿ, ಕಂಬವನ್ನು ಗೆಣ್ಣಿನಿಂದ ತಟ್ಟಿ, ಕಂಟ್ರಾಕ್ಟರರ ಆಳನ್ನು, "ಎಷ್ಟು ಭಾರ ತಡೆಯುತ್ತೆ ತಂಬಿ?" ಎಂದು ಕೇಳಿದ. ಆಳಿಗೆ ಗೊತ್ತಿರಲಿಲ್ಲ. "ಗೊತ್ತಿಲ್ಲದಿದ್ದರೆ ಕೇಳಿ ಬರೆದು ಹಾಕಿ" ಎಂದು ಅಜ್ಜ ಮನೆಗೆ ಬಂದ. ಯಾರೂ ಬರೆದು ಹಾಕಲಿಲ್ಲ. ಒಂದು ವಾರ ಕಾದು, ತನ್ನ ಹಳೆಯ ಹಲಗೆಯನ್ನೇ ಸೇತುವೆಯ ಬದಿಗೆ ಕಟ್ಟಿ ಬಂದ. ಲಾರಿ ಓಡಾಡುವ ಸೇತುವೆಯ ಪಕ್ಕದಲ್ಲಿ "ಒಂದು ಸಲಕ್ಕೆ ನಾಲ್ಕು ಜನ. ದನ ಕೂಡದು" ಎಂಬ ಆಜ್ಞೆ ಹಲವು ವರ್ಷ ತೂಗಾಡುತ್ತಿತ್ತು. ಹೊಸ ಡ್ರೈವರುಗಳು ಓದಿ ನಗುತ್ತಿದ್ದರು. ನಮ್ಮೂರಿನವರು ಅದನ್ನು ತೆಗೆಯಲು ಬಿಡಲಿಲ್ಲ.

ಅಜ್ಜ ತೀರಿಕೊಂಡದ್ದು 1996ರ ಜುಲೈ ತಿಂಗಳಲ್ಲಿ. ನಾನು ಬೆಂಗಳೂರಿನಿಂದ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಸಿದ್ಧವಾಗಿತ್ತು. ಸರ್ಕಾರದ ಕಡೆಯಿಂದ ಯಾರೂ ಬರಲಿಲ್ಲ. ಬರಬೇಕೆಂದು ಯಾರಿಗೂ ತೋಚಲೂ ಇಲ್ಲ. ಮಳೆ ಹಿಡಿದುಕೊಂಡು ಹೊಯ್ಯುತ್ತಿತ್ತು. ಸುಡುವ ಜಾಗ ಹಳ್ಳದ ಆಚೆ ದಡದಲ್ಲಿ. ಸೇತುವೆಯ ಬಳಿ ಬಂದಾಗ ಮುಂದೆ ಹೊತ್ತಿದ್ದ ನಮ್ಮ ಚಿಕ್ಕಪ್ಪ ತಟ್ಟನೆ ನಿಂತ. ಹಿಂದೆ ಇಡೀ ಊರು ಇತ್ತು. ಯಾರೂ ಏನೂ ಹೇಳಲಿಲ್ಲ. ಹೊತ್ತ ನಾಲ್ವರು ಮೊದಲು ದಾಟಿದೆವು. ಆಮೇಲೆ ಉಳಿದವರು ನಾಲ್ಕು ನಾಲ್ಕು ಜನವಾಗಿ ದಾಟಿ ಬಂದರು. ಆ ಮಳೆಯಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯಿತು. ನಾವು ಆಚೆ ದಡದಲ್ಲಿ, ಹೆಗಲು ಬದಲಿಸದೆ, ಎಲ್ಲರೂ ಬರುವವರೆಗೆ ಕಾದೆವು.

ಹಿಂದಿನ ಬೇಸಗೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಹಲಗೆ ಯಾವಾಗಲೋ ಹೋಗಿದೆ. ಗೂಟಕ್ಕೆ ಗೆದ್ದಲು ಹಿಡಿದಿದೆ. ಸೊರಬದಲ್ಲಿ ಹತ್ತಿದ ಬಸ್ಸಿನ ಕಂಡಕ್ಟರನಿಗೆ ನಾನು ಎಲ್ಲಿ ಇಳಿಯಬೇಕೆಂಬುದನ್ನು ವಿವರಿಸಲು ತೊಡಗಿದಾಗ ಅವನು, "ತಂಬಿ ಸಂಕದ ಹತ್ತಿರಾನಾ? ಹಾಗಂತ ಹೇಳಿ ಮತ್ತೆ!" ಎಂದ. ಹುಡುಗನಿಗೆ ನಲವತ್ತು ವರ್ಷವೂ ಆಗಿರಲಿಲ್ಲ. ಸಂಕವನ್ನು ಅವನು ನೋಡಿರುವ ಸಂಭವವಿಲ್ಲ.

ಇಳಿದ ಮೇಲೆ ಮೊಮ್ಮಗ, "ತಂಬಿ ಯಾರು ತಾತಾ?" ಎಂದು ಕೇಳಿದ. ಸೇತುವೆಯ ಕಟ್ಟೆಯ ಮೇಲೆ ಕುಳಿತು ಹೇಳಿದೆ. ಊಟ ಬಿಟ್ಟದ್ದನ್ನು ಹೇಳಿದೆ. ಪೆರೇಡಿಗೆ ಹೋದದ್ದನ್ನೂ ಹೇಳಿದೆ. ಹಲಗೆಯನ್ನು ಹಳ್ಳಕ್ಕೆ ಬಿಸಾಡಿದವನು ಯಾರೆಂಬುದನ್ನು ಹೇಳದೆ ಮುಂದಕ್ಕೆ ಹೋಗಲು ನೋಡಿದೆ. ಆಗಲಿಲ್ಲ. ಅದನ್ನೂ ಹೇಳಿದೆ.